ಸಂಪಾದಕರ ಉತ್ತರ: ಸ್ತ್ರೀಯರಿಗೆ ಸಭಾಪಾಲಕ ದೀಕ್ಷೆ

ಕಳೆದ ಸಂಚಿಕೆಯಲ್ಲಿ ಕ್ರೈಸ್ತ ಸಭೆಗಳಲ್ಲಿ ಸ್ತ್ರೀಯರನ್ನು ಸಭಾಪಾಲಕರಾಗಿ ನೇಮಿಸುವ ದೀಕ್ಷೆಯನ್ನು ಕುರಿತು ಬಂದ ಲೇಖನವನ್ನು ಓದಿ ಡೊಂಬಿವಲಿಯ ಹಿರಿಯ ಓದುಗರೊಬ್ಬರು ಹೀಗೆ ಆಕ್ಷೇಪಿಸಿದ್ದಾರೆ: ಯೇಸು ಆರಿಸಿಕೊಂಡ ಹನ್ನೆರಡು ಮಂದಿಯೂ ಗಂಡಸರು, ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂದು ಆದಿಸಭೆಯ ಬೋಧಕ ಪೌಲನೇ ಬರೆದಿದ್ದಾನೆ, ಸಮಾನ ಹಕ್ಕಿನ ಮಾತು ಕಚೇರಿಗೆ ಸರಿ, ದೇವಾಲಯಕ್ಕಲ್ಲ.

ಮಾನ್ಯರೇ, ನಿಮ್ಮ ಕೊನೆಯ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ದೀಕ್ಷೆ ಯಾರ ಹಕ್ಕೂ ಅಲ್ಲ, ಗಂಡಸಿನದೂ ಅಲ್ಲ. ಅದು ದೇವರ ಕರೆ. ಆ ಕರೆ ನಿಜವೋ ಸುಳ್ಳೋ ಎಂದು ಸಭೆ ಪರೀಕ್ಷಿಸಲಿ. ಕರೆ ಬಂದಿದೆ ಎನ್ನುವವಳು ಹೆಂಗಸು ಎಂಬ ಕಾರಣಕ್ಕೆ ಕೇಳಿಸಿಕೊಳ್ಳುವುದಕ್ಕೂ ಮುಂಚೆ ಬಾಗಿಲು ಹಾಕಬಹುದೇ ಎಂಬುದಷ್ಟೇ ಪ್ರಶ್ನೆ.

ಪೌಲನ ಮಾತಿಗೆ ಬರುತ್ತೇನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ ಮೌನದ ಮಾತಿದೆ, ನಿಜ. ಆದರೆ ಅದೇ ಪತ್ರದ 11ನೆಯ ಅಧ್ಯಾಯದಲ್ಲಿ ಸ್ತ್ರೀಯರು ಪ್ರಾರ್ಥಿಸುವಾಗಲೂ ಪ್ರವಾದಿಸುವಾಗಲೂ ತಲೆಯ ಮೇಲೆ ಮುಸುಕಿರಬೇಕೆಂದು ಆತ ವಿಧಿಸುತ್ತಾನೆ. ಬಾಯೇ ತೆರೆಯಬಾರದವರಿಗೆ ಮಾತನಾಡುವಾಗಿನ ಮುಸುಕಿನ ನಿಯಮವೇಕೆ? ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಫೊಯಿಬೆ ಎಂಬ ಸ್ತ್ರೀಯನ್ನು ಪರಿಚಯಿಸುವಾಗ ಆತ ಬಳಸುವ ‘ದಿಯಾಕೊನೊಸ್’ (ಸೇವಕ) ಎಂಬ ಗ್ರೀಕ್ ಪದ, ಬೇರೆಡೆ ತನಗೂ ಜೊತೆಯ ಬೋಧಕ ಅಪೊಲ್ಲೋಸನಿಗೂ ಬಳಸಿಕೊಂಡ ಪದವೇ. ಅಲ್ಲೇ ಮುಂದೆ ಅಪೊಸ್ತಲರಲ್ಲಿ (ಕ್ರಿಸ್ತನ ಮೊದಲ ದೂತರಲ್ಲಿ) ಹೆಸರಾದ ಯೂನ್ಯಳಿದ್ದಾಳೆ. ಆಕೆ ಸ್ತ್ರೀಯೆಂದು ನಾಲ್ಕನೆಯ ಶತಮಾನದ ಧರ್ಮಗುರು ಯೋಹಾನ ಕ್ರಿಸೊಸ್ತೊಮನು ಯಾವ ಸಂಕೋಚವೂ ಇಲ್ಲದೆ ಓದಿ ಹೊಗಳಿದ್ದಾನೆ. ಆತನನ್ನು ಸ್ತ್ರೀವಾದಿ ಎಂದು ನೀವೂ ಕರೆಯಲಾರಿರಿ.

ಹನ್ನೆರಡು ಮಂದಿ ಗಂಡಸರು, ಸರಿ. ಹನ್ನೆರಡು ಮಂದಿಯೂ ಯೆಹೂದ್ಯರು. ಮೊದಲನೆಯದು ಶಾಶ್ವತ ನಿಯಮ, ಎರಡನೆಯದು ಕಾಲಧರ್ಮ ಎನ್ನಲು ಆಧಾರವೇನು? ಎರಡೂ ಶಾಶ್ವತ ನಿಯಮವೇ ಆದರೆ ನಮ್ಮ ಮುಂಬಯಿಯ ಕನ್ನಡ ಸಭೆಗಳು ಸಭಾಪಾಲಕರಿಗಾಗಿ ಅಲಿಬಾಗಿನ ಬೆನೆ ಇಸ್ರೇಲಿ ಯೆಹೂದ್ಯರ ಮನೆ ಹುಡುಕಿಕೊಂಡು ಹೋಗಬೇಕಾದೀತು. ಪುನರುತ್ಥಾನದ ಸುದ್ದಿಯನ್ನು ಯೂದನು ಹೋದ ಮೇಲೆ ಉಳಿದ ಆ ಹನ್ನೊಂದು ಮಂದಿಗೆ ತಲುಪಿಸಲು ಕರ್ತನು ಕಳುಹಿಸಿದ್ದು ಮಗ್ದಲದ ಮರಿಯಳನ್ನು.

ನಿಮ್ಮ ಪತ್ರದಲ್ಲಿ ಬೆರೆತುಹೋದ ಇನ್ನೊಂದು ವಾದ ಕಥೋಲಿಕರದು, ಇದು ಹೆಚ್ಚು ಗಟ್ಟಿಯಾದದ್ದು. ಬಲಿಪೀಠದಲ್ಲಿ ಗುರು ಕ್ರಿಸ್ತನ ಸ್ಥಾನದಲ್ಲಿ ನಿಲ್ಲುವುದರಿಂದ ಆ ಹೋಲಿಕೆ ಪುರುಷನಲ್ಲೇ ಸಹಜ ಎಂದು ಕಥೋಲಿಕ ಧರ್ಮಸಭೆಯ ಕೇಂದ್ರವಾದ ರೋಮ್ 1976ರಲ್ಲಿ ವಾದಿಸಿತು. ಸ್ತ್ರೀಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಧರ್ಮಸಭೆಗಿಲ್ಲವೆಂದು 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಸಾರಿದರು. ಇದಕ್ಕೆ ಉತ್ತರ ಸಭೆಗಳು ಒಪ್ಪಿ ಹೇಳುವ ಪ್ರಾಚೀನ ನೈಸೀಯ ವಿಶ್ವಾಸಪ್ರಮಾಣದಲ್ಲೇ ಇದೆ ಎಂದು ನನ್ನ ಎಣಿಕೆ. ಅಲ್ಲಿ ‘ಮನುಷ್ಯನಾದನು’ ಎಂದಿದೆ. ಅಲ್ಲಿನ ಗ್ರೀಕ್ ಪದದಲ್ಲಿರುವುದು ಮನುಷ್ಯತ್ವ, ಗಂಡಸುತನವಲ್ಲ. ಕ್ರಿಸ್ತನು ಯಾವುದನ್ನು ಧರಿಸಿಕೊಳ್ಳಲಿಲ್ಲವೋ ಅದು ಗುಣವಾಗಲಿಲ್ಲ ಎಂದ ಪ್ರಾಚೀನ ದೇವಶಾಸ್ತ್ರಜ್ಞ ನಾಜಿಯಾಂಜದ ಗ್ರೆಗೊರಿಯ ತರ್ಕವನ್ನು ಹಿಡಿದರೆ, ಹೆಣ್ಣಿನ ಮನುಷ್ಯತ್ವವನ್ನೂ ಆತ ಧರಿಸಿದ್ದಾನೆ. ಧರಿಸಿರುವುದರಿಂದಲೇ ಆಕೆಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ). ದೀಕ್ಷಾಸ್ನಾನದಲ್ಲಿ ಕ್ರಿಸ್ತನನ್ನು ಧರಿಸಿಕೊಂಡವಳು ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜಿನ ಬಳಿ ಮಾತ್ರ ಆತನನ್ನು ಹೋಲಲಾರಳೇ?

ನಾನು ಹೋಗುವ ಸಭೆಯಲ್ಲಿ ಶನಿವಾರ ಸಂಜೆ ಒಬ್ಬ ಅಜ್ಜಿ ಪ್ರಭುಭೋಜನದ ಬೆರಳುದ್ದದ ಗಾಜಿನ ಲೋಟಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಬಿಳಿ ಬಟ್ಟೆಯಿಂದ ಒರೆಸಿ, ತಟ್ಟೆಯ ತೂತುಗಳಲ್ಲಿ ಕೂರಿಸುತ್ತಾರೆ. ಭಾನುವಾರ ಅವರು ಕೂರುವುದು ಹಿಂದಿನ ಬೆಂಚಿನಲ್ಲಿ. ಅವರಿಗೆ ದೀಕ್ಷೆ ಬೇಕೆಂದಲ್ಲ, ಕೇಳಿದರೆ ನಕ್ಕಾರು. ಅವರ ಮೊಮ್ಮಗಳು ದೇವಶಾಸ್ತ್ರ ಓದಲು ಹೊರಟಿದ್ದಾಳೆ.

‘ಭಾರತಕ್ಕೆ ಇದು ಹೊಂದದು’ ಎಂಬ ನಿಮ್ಮ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಸ್ತ್ರೀ ಸಭಾಪಾಲಕರು ದಶಕಗಳಿಂದ ಇದ್ದಾರೆ. 2013ರಲ್ಲಿ ಎಗ್ಗೋನಿ ಪುಷ್ಪಲಲಿತಾ ನಂದ್ಯಾಲದ ಬಿಷಪರಾದರು.

ಒಂದು ತಿದ್ದುಪಡಿ: ಲೇಖನದಲ್ಲಿ ಫೊಯಿಬೆ ಕೊರಿಂಥ ಸಭೆಯವಳೆಂದು ಅಚ್ಚಾಗಿತ್ತು. ಆಕೆ ಕೊರಿಂಥದ ರೇವುಪಟ್ಟಣವಾದ ಕೆಂಖ್ರೆಯ ಸಭೆಯವಳು. ನೀವು ಗುರುತಿಸಿದ್ದು ಸರಿ, ತಪ್ಪು ನಮ್ಮದು.