ಬ್ಲ್ಯಾಕೌಟ್ ಆದಾಗ ನಟರು ಬೀಳದಂತೆ ಸ್ಟೇಜಿನ ಅಂಚಿಗೆ ಯಾವ ರೇಡಿಯಂ ಟೇಪ್ ಹಾಕಬೇಕು?

ಸ್ಟಿಕ್ಕರ್ ಅಂಗಡಿಯದು ಮಾತ್ರ ಬೇಡ. ನಮ್ಮ ತಂಡ ಹಾಕಿದ್ದು ಅದನ್ನೇ. ಊರ ಜಾತ್ರೆಯ ನಾಟಕ, ಶಾಲೆ ಮೈದಾನದಲ್ಲಿ ಡ್ರಮ್ಮುಗಳ ಮೇಲೆ ಹಲಗೆ ಜೋಡಿಸಿದ ಎದೆಯೆತ್ತರದ ಸ್ಟೇಜು. ಬೈಕಿಗೆ ಸ್ಟಿಕ್ಕರ್ ಕತ್ತರಿಸಿ ಕೊಡುವವನ ಹತ್ತಿರ ಕೆಂಪು-ಬಿಳಿ ಪಟ್ಟಿ ತಂದು ಅಂಚಿನುದ್ದಕ್ಕೂ ಅಂಟಿಸಿದ್ದಾಯ್ತು. ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಫಳಫಳ. ಎಲ್ಲರಿಗೂ ಸಮಾಧಾನ.

ಕೆಟ್ಟದ್ದು ಆ ಟಾರ್ಚಿನಿಂದಲೇ. ಆ ಪಟ್ಟಿಗೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದದ್ದನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ ಅಷ್ಟೆ. ಟಾರ್ಚು ನಮ್ಮ ಕಣ್ಣಿನ ಪಕ್ಕದಲ್ಲೇ ಇತ್ತು, ಹಾಗಾಗಿ ನಮಗೆ ಹೊಳೆಯಿತು. ಲಾರಿ ಹಿಂಬದಿಯ ಪಟ್ಟಿ ನಿಮ್ಮ ಹೆಡ್‌ಲೈಟಿಗೆ ಮಿಂಚುವುದೂ ಹೀಗೇ. ನಟನ ಹಣೆಯಲ್ಲಿ ಹೆಡ್‌ಲೈಟ್ ಇರುತ್ತದೆಯೇ? ಟಾರ್ಚ್ ಜೇಬಿಗೆ ಹಾಕಿ ಒಂದು ಸಲ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಯಾರೂ ನೋಡಲಿಲ್ಲ. ಎರಡನೇ ಅಂಕದ ಕೊನೆಗೆ ದೀಪ ಆರಿತು. ಗೌಡನ ಪಾತ್ರದವನು ಸೈಡ್ ವಿಂಗ್ (ನಟರು ಒಳಗೆ ಹೋಗುವ ಸ್ಟೇಜಿನ ಪಕ್ಕದ ಮರೆ) ಅಂದುಕೊಂಡು ನೇರ ಮುಂದಕ್ಕೆ ನಡೆದು ಹಾರ್ಮೋನಿಯಂ ಪಕ್ಕಕ್ಕೆ ಬಿದ್ದ. ಕಾಲಿನ ಹರಡು ಮುರಿಯಿತು. ಮೂರನೇ ಅಂಕ ಆಗಲೇ ಇಲ್ಲ.

ನಿಮಗೆ ಬೇಕಾದ್ದು ಬೆಳಕು ಕುಡಿದು ಕತ್ತಲಲ್ಲಿ ತಾನೇ ಹಸಿರಾಗಿ ಹೊಳೆಯುವ ಗ್ಲೋ ಟೇಪು. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಇರುವುದನ್ನೇ ಕೇಳಿ, ಜಿಂಕ್ ಸಲ್ಫೈಡಿನದು ಬೇಗ ಮಂಕಾಗುತ್ತದೆ. ಇದಕ್ಕೂ ಒಂದು ಹಟ ಇದೆ: ಬಿಳಿ ಅಥವಾ ನೀಲಿ ಬೆಳಕಿಗೆ ಚಾರ್ಜ್ ಆಗುತ್ತದೆ, ಕೆಂಪಿಗೆ ಆಗುವುದಿಲ್ಲ. ಕೊಲೆಯ ದೃಶ್ಯಕ್ಕೆ ಉದ್ದಕ್ಕೂ ಕೆಂಪು ಹಾಕಿ ಆಮೇಲೆ ಬ್ಲ್ಯಾಕೌಟ್ ಕೊಟ್ಟರೆ ಟೇಪನ್ನು ನಂಬಬೇಡಿ. ಅಂಟಿಸುವುದು ತುದಿಗಲ್ಲ, ಒಂದಡಿ ಒಳಗೆ. ತುದಿ ಕಂಡ ಹೊತ್ತಿಗೆ ಕಾಲು ಆಚೆ ಇರುತ್ತದೆ. ಬರಿಗಾಲಿನ ನಟರಾದರೆ ಟೇಪಿನ ಅಡಿಗೆ ತೆಳ್ಳನೆ ಹುರಿ ಇಡಿ, ಕಣ್ಣಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ.

ಆದರೆ ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ: ಅಷ್ಟು ಗವ್ವೆನ್ನುವ ಕತ್ತಲು ಯಾಕೆ? ಪ್ರಖರ ಬೆಳಕಿನಲ್ಲಿದ್ದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು, ನೀವು ಕೊಡುವುದು ಹತ್ತೇ ಸೆಕೆಂಡು. ದೀಪ ನಿಧಾನಕ್ಕೆ ಇಳಿಸಿ, ವಿಂಗಿನೊಳಗೆ ಮಂದ ನೀಲಿ ಬಲ್ಬು ಉರಿಯುತ್ತಿರಲಿ. ನಟ ಅದನ್ನು ನೋಡಿಕೊಂಡು ನಡೆಯುತ್ತಾನೆ. ದೃಶ್ಯದ ಪರಿಣಾಮ ಹಾಳಾಗುತ್ತದೆ ಅಂತ ನಿರ್ದೇಶಕರು ತಕರಾರು ತೆಗೆದರೆ, ರಿಹರ್ಸಲ್‌ನಲ್ಲಿ ದೀಪ ಆರಿಸಿ ಅವರನ್ನೇ ನಡುವಿನಿಂದ ವಿಂಗಿಗೆ ನಡೆಯಲು ಹೇಳಿ. ಕೆಳಗೆ ಗಟ್ಟಿ ಆಳು ಇಬ್ಬರು ನಿಂತಿರಲಿ.