ಸಾಂಬಾ ಬೀಟ್: 'ಮಿ' ಮುಂಚೆ ಬೀಳಲಿ

ಪ್ರಶ್ನೆ: 125 ಬಿಪಿಎಮ್‌ನ (ನಿಮಿಷಕ್ಕೆ 125 ಬೀಟ್) ಹೌಸ್ ಡ್ಯಾನ್ಸ್ ಬೀಟ್ ಮೇಲೆ ಸುರ್ದೊ (ದೊಡ್ಡ ಬಾಸ್ ಡ್ರಮ್), ತಂಬೊರಿಂ (ಕೋಲಿನಿಂದ ಬಾರಿಸುವ ಚಿಕ್ಕ ಡ್ರಮ್), ಶೇಕರ್ ಸ್ಯಾಂಪಲ್ ಕೂರಿಸಿದ್ದೇನೆ. ಸ್ವಿಂಗ್ ಎಷ್ಟು ಹೆಚ್ಚಿಸಿದರೂ ಬ್ರೆಜಿಲ್‌ನ ಸಾಂಬಾದ ಹಾಗೆ ಕೇಳಿಸುತ್ತಿಲ್ಲ. ತಪ್ಪು ಎಲ್ಲಿದೆ? ಇದನ್ನೇ ರೆಗೆಟಾನ್ ಆಗಿ ಬದಲಾಯಿಸಬಹುದೆ?

ಉತ್ತರ: ಮೊದಲು ಸ್ವಿಂಗನ್ನು ಸೊನ್ನೆಗೆ ಇಳಿಸಿ. ತೊಂದರೆಯ ಬಹುಪಾಲು ಅಲ್ಲೇ ಇದೆ.

ಒಂದು ಬೀಟನ್ನು ತ-ಕ-ಧಿ-ಮಿ ಎಂದು ಎಣಿಸಿ. ಸಾಫ್ಟ್‌ವೇರ್‌ನ ಸ್ವಿಂಗ್ 'ಕ' ಮತ್ತು 'ಮಿ'ಯನ್ನು ತಡವಾಗಿಸುತ್ತದೆ. ಸಾಂಬಾ ನುಡಿಸುವವರ ಕೈಯಲ್ಲಿ ಆಗುವುದೇ ಬೇರೆ: 'ಧಿ', 'ಮಿ' ಎರಡೂ ತಮ್ಮ ಜಾಗಕ್ಕಿಂತ ಚೂರು ಮುಂಚೆ ಬೀಳುತ್ತವೆ. ಮುಂದೆ ಓಡಬೇಕಾದ 'ಮಿ'ಯನ್ನು ನೀವು ಹಿಂದಕ್ಕೆ ಜಗ್ಗುತ್ತಿದ್ದೀರಿ. ನಿಮ್ಮ ವೇಗದಲ್ಲಿ ಒಂದೊಂದು ಅಕ್ಷರಕ್ಕೆ 120 ಮಿಲಿಸೆಕೆಂಡ್ ಸಿಗುತ್ತದೆ. ಶೇಕರ್‌ನ 'ಧಿ'ಯನ್ನು 10, 'ಮಿ'ಯನ್ನು 15ರಿಂದ 20 ಮಿಲಿಸೆಕೆಂಡ್ ಮುಂಚೆಗೆ ಸರಿಸಿ ಕೇಳಿ. ಅದಕ್ಕಿಂತ ಬಹಳ ಸರಿಸಿದರೆ ಬೀಟನ್ನು ಮೂರಾಗಿ ಒಡೆಯುವ ತಿಶ್ರ ನಡೆಯ ವಾಸನೆ ಹೊಡೆಯುತ್ತದೆ. ಒತ್ತು 'ತ' ಮತ್ತು 'ಮಿ'ಗೆ. ನಡುವಿನ ಎರಡಕ್ಕೆ ವೆಲಾಸಿಟಿ (ಹೊಡೆತದ ಜೋರು) ಅರ್ಧ ಸಾಕು. ತಂಬೊರಿಂಗೂ ಇದೇ ಅಳತೆ. ಕಿಕ್ (ಬೀಟಿನ ಬಾಸ್ ಡ್ರಮ್ ಹೊಡೆತ) ಮಾತ್ರ ಗ್ರಿಡ್, ಅಂದರೆ ಸಾಫ್ಟ್‌ವೇರ್‌ನ ಸಮ ಅಂತರದ ಗೆರೆ, ಬಿಟ್ಟು ಕದಲಬಾರದು. ಅದು ನಿಂತಲ್ಲೇ ನಿಂತರೆ ತಾನೆ ಉಳಿದದ್ದು ಮುಂಚೆ ಬಂತೆಂದು ಕಿವಿಗೆ ಗೊತ್ತಾಗುವುದು!

ಇನ್ನು ಸುರ್ದೊ. ಸಾಂಬಾ ಎರಡೆಣಿಕೆಯ ತಾಳ, ಭಾರವೆಲ್ಲ ಎರಡನೆಯ ಎಣಿಕೆಯ ಮೇಲೆ. ರಿಯೋದ ಸಾಂಬಾ ಶಾಲೆಗಳ ವಾದ್ಯಮೇಳದಲ್ಲಿ ಅತಿ ದೊಡ್ಡ ಸುರ್ದೊ ಅಲ್ಲೇ ಗುಡುಗುತ್ತದೆ, ಅದಕ್ಕಿಂತ ಚಿಕ್ಕದು ಒಂದನೆಯ ಎಣಿಕೆಯಲ್ಲಿ ಉತ್ತರ ಕೊಡುತ್ತದೆ. ಹೌಸ್ ಕಿಕ್ಕಿಗೆ ನಾಲ್ಕು ಬೀಟೂ ಒಂದೇ ತೂಕ, ಹಾಗಾಗಿ ಈ ಏರಿಳಿತ ಅದರಡಿ ಹೂತುಹೋಗುತ್ತದೆ. ಸಾಂಬಾದ ಎರಡನೆಯ ಎಣಿಕೆ ಬೀಳುವ 2 ಮತ್ತು 4ನೇ ಬೀಟಿನಲ್ಲಿ ಕಿಕ್ಕಿನ 90 ಹರ್ಟ್ಸ್ ಕೆಳಗಿನ ತಗ್ಗು ದನಿಯ ಭಾಗ ಕತ್ತರಿಸಿ, ದೊಡ್ಡ ಸುರ್ದೊ ಪೂರ್ತಿ ಮೊಳಗಲಿ; 1 ಮತ್ತು 3ರಲ್ಲಿ ಚಿಕ್ಕ ಸುರ್ದೊ ಗಿಡ್ಡವಾಗಿರಲಿ. ಅದೇ 2, 4ರ ಮೇಲೆ ಚಪ್ಪಾಳೆ ಇದ್ದರೆ ನಾವಂತೂ ತೆಗೆದೇ ಬಿಡುತ್ತೇವೆ.

ರೆಗೆಟಾನ್‌ಗೆ ಇದನ್ನು ತಿದ್ದಬೇಡಿ, ಹೊಸ ಫೈಲ್ ತೆರೆಯಿರಿ. ಅದರ ಬೇರು ಜಮೈಕಾದ ಡ್ಯಾನ್ಸ್‌ಹಾಲ್ ಸಂಗೀತ. ಪನಾಮ, ಪೋರ್ಟೊ ರಿಕೊದಲ್ಲಿ ಬೆಳೆದದ್ದು. ವೇಗ 90ರಿಂದ 100 ಬಿಪಿಎಮ್. ಎರಡು ಬೀಟಿನ ಎಂಟಕ್ಷರವನ್ನು ತಕಿಟ-ತಕಿಟ-ತಕ ಎಂದು ಒಡೆದು, ಸ್ನೇರನ್ನು (ಚುರುಕು ದನಿಯ ಡ್ರಮ್) ಎರಡನೆಯ ಮತ್ತು ಮೂರನೆಯ 'ತ' ಮೇಲೆ, ಅಂದರೆ 4 ಮತ್ತು 7ರಲ್ಲಿ ಇಡಿ. ಕಿಕ್ 1 ಮತ್ತು 5ರಲ್ಲಿ. ಇಲ್ಲಿ ಯಾವುದನ್ನೂ ಸರಿಸುವ ಕೆಲಸವಿಲ್ಲ, ಎಲ್ಲ ಗ್ರಿಡ್ ಮೇಲೇ.