ಹಾಸ್ಟೆಲ್‌ನಲ್ಲಿ ಸಾಂಕ್ರಾಮಿಕ: ಮೊದಲು ಕಿಟಕಿ, ಆಮೇಲೆ ಬ್ಲೀಚಿಂಗ್ ಪೌಡರ್

ಹಾಸನದಲ್ಲಿ 120 ಮಕ್ಕಳ ಕಾಲೇಜು ಹಾಸ್ಟೆಲ್ ನೋಡಿಕೊಳ್ಳುತ್ತಿದ್ದೀರಿ. ಕೊರೊನಾದಂಥದ್ದು ಮತ್ತೆ ಬಂದರೆ ಪಾಠ, ಊಟ, ವಾಸ ಮೂರನ್ನೂ ನಿಲ್ಲಿಸದೆ ನಡೆಸುವುದು ಹೇಗೆ ಅಂತ ಕೇಳಿದ್ದೀರಿ. ನನ್ನ ಮಾತು ಇಷ್ಟು: ದುಡ್ಡು, ಆಳು, ಸಮಯ ಎಲ್ಲವನ್ನೂ ಮೊದಲು ಕೋಣೆಯಲ್ಲಿ ಗಾಳಿ ಆಡಿಸುವುದಕ್ಕೆ ಹಾಕಿ. 2020ರಲ್ಲಿ ಗೇಟಿಗೆ, ಗೋಡೆಗೆ, ಬೆಂಚಿಗೆ ಔಷಧಿ ಸಿಂಪಡಿಸಿದ್ದೇ ಸಿಂಪಡಿಸಿದ್ದು. ಕೊರೊನಾ ಹೆಚ್ಚಾಗಿ ಹರಡಿದ್ದು ಮಾತ್ರ ಮುಚ್ಚಿದ ಕೋಣೆಯಲ್ಲಿ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಂಡು.

ನಮ್ಮ ಕಡೆ ಇದು ಕಷ್ಟವಾಗುವುದು ಮಳೆಗಾಲದಲ್ಲಿ. ಎರಚಲು ಹೊಡೆಯುತ್ತದೆ ಅಂತ ಜೂನ್‌ನಲ್ಲಿ ಹಾಕಿದ ಕಿಟಕಿಯನ್ನು ಮಳೆ ಬಿಡುವವರೆಗೆ ಯಾರೂ ತೆಗೆಯುವುದಿಲ್ಲ. ಕೋಣೆಯ ನಡುವೆ ಒಂದು ಅಗರಬತ್ತಿ ಹಚ್ಚಿ ನೋಡಿ. ಹೊಗೆ ನೆಟ್ಟಗೆ ಮೇಲೇರಿ ಅಲ್ಲೇ ಸುತ್ತುತ್ತಿದ್ದರೆ ಗಾಳಿ ಆಡುತ್ತಿಲ್ಲ. ಒಂದು ಕಡೆಗೆ ವಾಲಿ ಹೊರಗೆ ಹೋಗುತ್ತಿದ್ದರೆ ಸರಿ. ಸೀಲಿಂಗ್ ಫ್ಯಾನ್ ಇದ್ದದ್ದನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಆ ಬದಿಯ ಕಿಟಕಿ ಹಾಕಿದ್ದರೂ ಪೂರ್ವದ ಕಿಟಕಿಗಳನ್ನು ತೆರೆದಿಡಬಹುದು, ಮೇಲೊಂದು ಶೀಟು ಇಳಿಸಿದರೆ ಸಾಕು. ಗೋಡೆಯ ಮೇಲ್ಭಾಗದ ವೆಂಟಿಲೇಟರ್ ಕಿಂಡಿಯಲ್ಲಿ ಗಾಳಿಯನ್ನು ಹೊರಗೆ ತಳ್ಳುವ ಹಾಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಎದುರಿನ ಬಾಗಿಲನ್ನು ಸ್ವಲ್ಪ ತೆರೆದಿಡಿ. ನಾವು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ತುಂಬಿದೆ ಅಂತ ತಿಳಿಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಳ್ಳುವುದಾದರೆ ಮೊದಲು ಬಯಲಿನಲ್ಲಿ ಹಿಡಿದು ನೋಡಿ, 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಆಸುಪಾಸು ತೋರಿಸಬೇಕು. ಸ್ಯಾನಿಟೈಸರ್ ಹತ್ತಿರ ಹಿಡಿದಾಗ ಸಂಖ್ಯೆ ಜಿಗಿದರೆ ಅದು ಅಳೆಯುತ್ತಿರುವುದು ಬೇರೇನನ್ನೋ, ವಾಪಸ್ ಕೊಡಿ. ಕೋಣೆಯಲ್ಲಿ 800ರ ಒಳಗಿದ್ದರೆ ಒಳ್ಳೆಯದು. 1000 ದಾಟಿದರೆ ಜನ ಜಾಸ್ತಿ ಅಥವಾ ಕಿಟಕಿ ಕಮ್ಮಿ ಅಂತ ಅರ್ಥ.

ಅತಿ ಅಪಾಯದ ಜಾಗ ಮೆಸ್, ಏಕೆಂದರೆ ಅಲ್ಲಿ ಎಲ್ಲರ ಮಾಸ್ಕೂ ಕೆಳಗೆ. 30 ಜನರಂತೆ ನಾಲ್ಕು ಸರದಿ ಮಾಡಿ. ಒಂದು ಫ್ಲೋರಿನವರು ಯಾವಾಗಲೂ ಒಂದೇ ಸರದಿಯಲ್ಲಿ ಬರಲಿ, ಆಗ ಒಬ್ಬರಿಗೆ ಬಂದರೂ ಯಾರ ಮೇಲೆ ಕಣ್ಣಿಡಬೇಕು ಅನ್ನುವುದು ಗೊತ್ತಿರುತ್ತದೆ. ಮಳೆ ಇಲ್ಲದ ದಿನ ತಟ್ಟೆ ಹಿಡಿದು ವರಾಂಡಕ್ಕೆ ಹೋಗಲಿ. ಅಡುಗೆಯವರು, ಕಸ ಗುಡಿಸುವವರು ದಿನಗೂಲಿ ಮೇಲಿದ್ದರೆ ಜ್ವರ ಬಂದರೂ ಮಾತ್ರೆ ನುಂಗಿ ಬರುತ್ತಾರೆ, ಬರಲೇಬೇಕು ಅವರು. ಅವರಿಗೆ ಸಂಬಳ ಸಹಿತ ರಜೆ ಬರೆದುಕೊಡಿ. ಇದನ್ನು ಮಾಡದ ಹಾಸ್ಟೆಲ್‌ನಲ್ಲಿ ಬೇರೆ ಎಷ್ಟು ನಿಯಮ ಮಾಡಿದರೂ ನಿಲ್ಲುವುದಿಲ್ಲ. ಮಕ್ಕಳ ಹಾಜರಾತಿಯೂ ಹಾಗೇ, ಜ್ವರಕ್ಕೆ ಹಾಜರಾತಿ ಕತ್ತರಿಸಿದರೆ ಜ್ವರ ಮುಚ್ಚಿಡುತ್ತಾರೆ. ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್‌ನ್ನು ನೆಚ್ಚಿಕೊಳ್ಳಬೇಡಿ. ಚಳಿಯಲ್ಲಿ ನಡೆದು ಬಂದ ಹುಡುಗನ ಹಣೆ ತಣ್ಣಗಿರುತ್ತದೆ, ಜ್ವರವಿದ್ದರೂ ಕಮ್ಮಿ ತೋರಿಸುತ್ತದೆ.

ಬ್ಲೀಚಿಂಗ್ ಪೌಡರ್ ಬೇಕಾಗುವುದು ಬಾತ್‌ರೂಮಿಗೆ ಮತ್ತು ಕಾಯಿಲೆಯವರ ಕೋಣೆಗೆ. ಉಳಿದ ನೆಲಕ್ಕೆ ಸೋಪಿನ ನೀರು ಸಾಕು. ಒಂದು ಲೀಟರ್ ನೀರಿಗೆ 30 ಗ್ರಾಂ ಪೌಡರ್ ಕಲಸಿ, ಗಸಿ ಕೂತ ಮೇಲೆ ತಿಳಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಬಸಿದುಕೊಳ್ಳಿ. ಸುಮಾರು ಶೇ. 1ರಷ್ಟು ಕ್ಲೋರಿನ್ ಇರುವ ದ್ರಾವಣವಾಗುತ್ತದೆ. ನಲ್ಲಿ, ಚಿಲಕಕ್ಕೆ ಹಚ್ಚಿ 10 ನಿಮಿಷ ಬಿಟ್ಟು ನೀರಲ್ಲಿ ಒರೆಸಿ, ಇಲ್ಲದಿದ್ದರೆ ಲೋಹ ತುಕ್ಕು ಹಿಡಿಯುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದಿಗೂ ಬೆರೆಸಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಮಲೆನಾಡಿನ ತೇವಕ್ಕೆ ತೆರೆದಿಟ್ಟ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಂಟುಗಟ್ಟಿ ಘಾಟು ಹೋಗಿದ್ದರೆ ಎಸೆಯಿರಿ, ದ್ರಾವಣವನ್ನು ದಿನಾ ಹೊಸದಾಗಿ ಮಾಡಿ. ಇನ್ನೊಂದು ಯಾರಿಗೂ ನೆನಪಾಗದ ವಿಷಯ: ತಿಂಗಳುಗಟ್ಟಲೆ ಮುಚ್ಚಿದ್ದ ಬಾತ್‌ರೂಮಿನ ನೆಲದ ನಹಾನಿ ಟ್ರ್ಯಾಪ್, ಅಂದರೆ ಚರಂಡಿಯ ಗಾಳಿ ಮೇಲೆ ಬರದಂತೆ ನೀರು ನಿಲ್ಲಿಸಿಕೊಳ್ಳುವ ಜಾಗ, ಒಣಗಿರುತ್ತದೆ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಕಟ್ಟಡಗಳಲ್ಲಿ ಸಾರ್ಸ್ (ಕೊರೊನಾ ಜಾತಿಯದೇ ವೈರಸ್‌ನಿಂದ ಬರುವ ಉಸಿರಾಟದ ಕಾಯಿಲೆ) ಹರಡಿದ್ದಕ್ಕೆ ಒಣಗಿದ ಟ್ರ್ಯಾಪೂ ಒಂದು ಕಾರಣ ಅಂತ ಕಂಡುಕೊಂಡಿದ್ದರು. ಮಕ್ಕಳು ಬರುವ ಮೊದಲು ಪ್ರತಿಯೊಂದಕ್ಕೂ ಒಂದೆರಡು ಚೊಂಬು ನೀರು ಹಾಕಿಸಿ.

ಪಾಠದ ವಿಷಯಕ್ಕೆ ಬಂದರೆ, 2020ರ ನವೆಂಬರ್ 17ಕ್ಕೆ ಪದವಿ ಕಾಲೇಜು ತೆರೆದಾಗ ತರಗತಿಗೆ ಬರುವುದು ಕಡ್ಡಾಯವಿರಲಿಲ್ಲ, ಆನ್‌ಲೈನ್ ಪಾಠವೂ ನಡೆಯುತ್ತಿತ್ತು. ಮುಂದೆಯೂ ಎರಡೂ ಒಟ್ಟಿಗೆ ನಡೆಯುತ್ತವೆ ಅಂತಲೇ ತಯಾರಾಗಿ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಳೆಗೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಇಳಿದು ಸಿಗ್ನಲ್ ಮಾಯ. ಹಾಗಾಗಿ ಲೈವ್ ವಿಡಿಯೊ ಒಂದನ್ನೇ ನಂಬಬೇಡಿ. ಕಾಲರ್ ಮೈಕ್ ಹಾಕಿಕೊಂಡು ಪಾಠದ ಧ್ವನಿಯನ್ನು ಮೊನೊದಲ್ಲಿ, 32 ಕೆಬಿಪಿಎಸ್‌ಗೆ ರೆಕಾರ್ಡ್ ಮಾಡಿದರೆ ಒಂದು ಗಂಟೆಗೆ 14 ಎಂಬಿ ಚಿಲ್ಲರೆ ಆಗುತ್ತದೆ. ಅದೇ ವಿಡಿಯೊ ಕಾಲ್ ನೂರಾರು ಎಂಬಿ ನುಂಗುತ್ತದೆ. ಬೋರ್ಡಿನ ಫೋಟೊಗಳನ್ನು ಒಂದು ಪಿಡಿಎಫ್ ಮಾಡಿ ಜೊತೆಗೆ ಕಳಿಸಿ. ಇಂಟರ್ನಲ್ಸ್ ಉತ್ತರ ಕಳಿಸಲು ಒಂದು ಗಂಟೆ ಅಲ್ಲ, ಪೂರಾ ಒಂದು ದಿನ ಕೊಡಿ.

ಕಾಯಿಲೆಯವರಿಗೆ ಟಾಯ್ಲೆಟ್ ಒಳಗೇ ಇರುವ ಕೋಣೆಗಳನ್ನು ಮೊದಲೇ ಖಾಲಿ ಇಟ್ಟಿರಿ. ಎಷ್ಟು ದಿನ ಅನ್ನುವುದು ರೋಗದ ಮೇಲೆ, ಅದನ್ನು ಆರೋಗ್ಯ ಇಲಾಖೆ ಹೇಳಿದಂತೆ ಮಾಡಿ. ಉಸಿರಾಟದ ಕಾಯಿಲೆಯಾದರೆ ಬೆಳಿಗ್ಗೆ, ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ನೋಡಿ ಬರೆದಿಡಿ. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ತಪ್ಪು ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಅಲ್ಲಾಡಿಸದೆ ಸಂಖ್ಯೆ ನಿಲ್ಲುವವರೆಗೆ ಕಾಯಿರಿ. ಕೂತಾಗ ಸರಿ ಇದ್ದು ಸುಸ್ತು ಅಂದರೆ, ಯಾರಾದರೂ ಜೊತೆಗಿದ್ದು ಕೋಣೆಯೊಳಗೇ ಆರು ನಿಮಿಷ ನಡೆಸಿ ಮತ್ತೆ ನೋಡಿ. 94ಕ್ಕಿಂತ ಕೆಳಗೆ ಬಂದರೆ, ಅಥವಾ ನಡೆದ ಮೇಲೆ ಮೂರ್ನಾಲ್ಕು ಅಂಕ ಇಳಿದರೆ, ಬೆಳಗಾಗಲಿ ಅಂತ ಕಾಯದೆ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಕರೆದುಕೊಂಡು ಹೋಗಿ. ರಾತ್ರಿ ಹೊತ್ತು ಬರುವ ಒಬ್ಬ ಡ್ರೈವರ್ ನಂಬರ್, ಪ್ರತಿ ಮಗುವಿನ ಮನೆಯ ನಂಬರ್ ಎರಡನ್ನೂ ವಾರ್ಡನ್ ಕೋಣೆಯ ಗೋಡೆಗೆ ಅಂಟಿಸಿಡಿ. ಫೋನ್ ಒಳಗಿದ್ದರೆ ಆ ಹೊತ್ತಿಗೆ ಸಿಗುವುದಿಲ್ಲ.